ನಿದ್ದೆಗೆಟ್ಟರೆ ವ್ರತವಾಗುತ್ತದೆಯೇ?



ಮೊನ್ನೆ ಒಬ್ಬ ಕನ್ನಿಸ್ವಾಮಿ ಕೇಳಿದರು: "ನನಗೆ ನೈಟ್ ಶಿಫ್ಟ್. ವ್ರತದಲ್ಲಿ ಹಗಲು ಮಲಗಬಾರದು ಅಂತಾರೆ. ಹಾಗಾದ್ರೆ ಯಾವಾಗ ಮಲಗಲಿ ಸ್ವಾಮಿ?" ಇದೇ ಪ್ರಶ್ನೆ ನನ್ನನ್ನು ಒಮ್ಮೆ ರಸ್ತೆಗೆ ಬೀಳಿಸಿದೆ. ಅದಕ್ಕೇ ಇಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ರಾಯಚೂರು. ಡಿಪ್ಲೊಮಾ ಮುಗಿಸಿ ವಿಜಯವಾಡದಲ್ಲಿ ಐಟಿ ಸಪೋರ್ಟ್ ಕೆಲಸಕ್ಕೆ ಸೇರಿದೆ. ನಮ್ಮ ಜಿಲ್ಲೆಯ ಮೇಲೆ ಹರಿದು ಬರುವ ಕೃಷ್ಣೆಯೇ ಇಲ್ಲಿ ಇಂದ್ರಕೀಲಾದ್ರಿಯ ಬುಡ ತೊಳೆಯುತ್ತಾಳೆ. ಬೆಟ್ಟದ ಮೇಲೆ ಕನಕದುರ್ಗಮ್ಮ. ನಾವು ಕಪ್ಪು ಬಟ್ಟೆ ಉಟ್ಟಂತೆ ಇಲ್ಲಿ ಭವಾನಿ ದೀಕ್ಷೆಯವರು ಕೆಂಪು ಉಟ್ಟು, ಇರುಮುಡಿ ಹೊತ್ತು ಬೆಟ್ಟ ಹತ್ತುತ್ತಾರೆ.

ಆ ವರ್ಷ ಮಾಲೆ ಹಾಕಿದಾಗ ನನಗೊಂದು ಹಮ್ಮು ಬಂತು. ರಾತ್ರಿಯೆಲ್ಲ ಕೆಲಸ, ಬೆಳಿಗ್ಗೆ ತಣ್ಣೀರು ಸ್ನಾನ, ಪೂಜೆ, ಸಂಜೆ ಭಜನೆ. ಹಗಲು ಮಲಗಿದರೆ ವ್ರತಭಂಗ ಎಂದುಕೊಂಡು ಎರಡು ಮೂರು ಗಂಟೆ ಒರಗಿ ಎದ್ದುಬಿಡುತ್ತಿದ್ದೆ. ಹನ್ನೆರಡನೇ ದಿನ ಬೆಳಿಗ್ಗೆ ಶಿಫ್ಟ್ ಮುಗಿಸಿ ಪ್ರಕಾಶಂ ಬ್ಯಾರೇಜ್ ಮೇಲೆ ಬೈಕಿನಲ್ಲಿ ಬರುವಾಗ ಕಣ್ಣು ಮುಚ್ಚಿತು. ತೆರೆದಾಗ ನೆಲದ ಮೇಲಿದ್ದೆ. ಮೊಣಕಾಲು ಕಿತ್ತಿತ್ತು, ಅಷ್ಟೇ. ಹಿಂದೆ ಬರುತ್ತಿದ್ದ ಆಟೋದವನು ಬ್ರೇಕ್ ಹಾಕದಿದ್ದರೆ ಈ ಪೋಸ್ಟ್ ಬರೆಯಲು ನಾನಿರುತ್ತಿರಲಿಲ್ಲ.

ಸಂಜೆ ಗುರುಸ್ವಾಮಿಗಳು ಬೈಯಲಿಲ್ಲ. ಬೆಟ್ಟ ತೋರಿಸಿ ಕೇಳಿದರು: "ಇಲ್ಲಿ ತಪಸ್ಸು ಮಾಡಿದವರು ಯಾರು ಸ್ವಾಮಿ?"

ಅರ್ಜುನ ಎಂದೆ. ಪಾಶುಪತಾಸ್ತ್ರಕ್ಕಾಗಿ ಅವನು ತಪಸ್ಸಿಗೆ ಕೂತದ್ದು, ಶಿವ ಬೇಡನಾಗಿ ಬಂದು ಕಾದಾಡಿದ್ದು ಇದೇ ಬೆಟ್ಟದಲ್ಲಿ ಎನ್ನುತ್ತದೆ ಸ್ಥಳಪುರಾಣ.

"ಅವನಿಗೆ ಗುಡಾಕೇಶ ಅಂತ ಹೆಸರು. ನಿದ್ದೆ ಗೆದ್ದವನು ಅಂತ ಅರ್ಥ. ನಿದ್ದೆ ಬಿಟ್ಟವನು ಅಂತಲ್ಲ. ಆ ಗುಡಾಕೇಶನಿಗೇ ಕೃಷ್ಣ ಗೀತೆಯ ಆರನೇ ಅಧ್ಯಾಯದಲ್ಲಿ ಏನು ಹೇಳಿದ? ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಮಲಗದೇ ಇರುವವನಿಗೂ ಯೋಗವಿಲ್ಲ ಅಂತ."

ಆಮೇಲೆ ಅಮ್ಮನ ವಿಷಯಕ್ಕೆ ಬಂದರು. ದೇವೀ ಮಾಹಾತ್ಮ್ಯೆಯಲ್ಲಿ ದೇವತೆಗಳು ಅಮ್ಮನನ್ನು ಸ್ತುತಿಸುವಾಗ, ಎಲ್ಲ ಜೀವಿಗಳಲ್ಲಿ ನಿದ್ರೆಯ ರೂಪದಲ್ಲಿ ಇರುವವಳೂ ನೀನೇ ಎಂದು ನಮಸ್ಕರಿಸುತ್ತಾರೆ. "ದಿನಾ ಬೆಟ್ಟಕ್ಕೆ ಕೈ ಮುಗಿದು, ನಿಮ್ಮ ಚಾಪೆಗೆ ಬಂದ ಅಮ್ಮನನ್ನು ಓಡಿಸ್ತೀರಲ್ಲ ಸ್ವಾಮಿ?"

ನನಗೆ ಉತ್ತರವಿರಲಿಲ್ಲ. ಕೊನೆಗೆ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಶಬರಿಮಲೆಯಲ್ಲಿ ರಾತ್ರಿ ಹರಿವರಾಸನಂ ಹಾಡಿ, ದೀಪ ಆರಿಸಿ, ನಡೆ ಮುಚ್ಚುತ್ತಾರೆ. ಅದು ಸ್ವಾಮಿಗೆ ಜೋಗುಳ. ಲೋಕ ಕಾಯುವ ಅಯ್ಯಪ್ಪನೇ ಮಲಗುವಾಗ, ನಾನು ಮಲಗಿದರೆ ಕೆಟ್ಟೀತು ಅನ್ನೋದು ಭಕ್ತಿಯಲ್ಲ, ಅಹಂಕಾರ."

ಹಗಲು ನಿದ್ದೆ ಬೇಡ ಎಂದದ್ದು ಸೋಮಾರಿತನಕ್ಕೆ. ರಾತ್ರಿ ದುಡಿಯುವವನಿಗೆ ಹಗಲೇ ರಾತ್ರಿ. ದೊಡ್ಡವರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಅಂದಿನಿಂದ ನಾನು ಹೀಗೆ ಮಾಡುತ್ತಿದ್ದೇನೆ:

1. ಶಿಫ್ಟ್ ಮುಗಿದ ಮೇಲೆ ಸ್ನಾನ, ಪೂಜೆ, ಹಗುರವಾದ ಭಿಕ್ಷೆ. ನಂತರ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗುತ್ತೇನೆ.
2. ಫೋನ್ ಚಾಪೆಯ ಪಕ್ಕ ಇಡುವುದಿಲ್ಲ. ಅಲಾರಾಂ ಇಟ್ಟು ಪಕ್ಕದ ಕೋಣೆಯಲ್ಲಿಡುತ್ತೇನೆ.
3. ಶಿಫ್ಟಿನ ಕೊನೆಯ ಗಂಟೆಗಳಲ್ಲಿ ಕಾಫಿ, ಟೀ ಕುಡಿಯುವುದಿಲ್ಲ.
4. ಮಲಗುವ ಮುಂಚೆ ಹದಿನೆಂಟು ಶರಣು, ಒಂದೊಂದು ಮೆಟ್ಟಿಲಿಗೆ ಒಂದರಂತೆ. ಆ ದಿನದ ಚಿಂತೆಯನ್ನು ಕೆಳಗಿನ ಮೆಟ್ಟಿಲಲ್ಲೇ ಬಿಡುತ್ತೇನೆ.
5. ತೂಕಡಿಕೆ ಬಂದರೆ ಬೈಕ್ ಮುಟ್ಟುವುದಿಲ್ಲ. ಬಸ್ಸಿಗೆ ಹೋಗುತ್ತೇನೆ.

ಕನ್ನಿಸ್ವಾಮಿಯವರೇ, ನಿಮ್ಮ ಗುರುಸ್ವಾಮಿಗಳ ಹತ್ತಿರ ನಿಮ್ಮ ಶಿಫ್ಟಿನ ವಿಷಯ ಮುಚ್ಚಿಡದೆ ಹೇಳಿ, ಅವರ ಅಪ್ಪಣೆ ಪಡೆಯಿರಿ. ಚಾಪೆಯ ಮೇಲೆ ಮಲಗುವುದೂ ವ್ರತವೇ. ಇರುಮುಡಿ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಬೇಕಾದ ದೇಹ ಇದು, ಮನೆಯಲ್ಲಿ ಅಪ್ಪ ಅಮ್ಮ ದಾರಿ ಕಾಯುವ ದೇಹವೂ ಹೌದು.

ಹೇಳಿದ್ದರಲ್ಲಿ ತಪ್ಪಿದ್ದರೆ ಹಿರಿಯ ಸ್ವಾಮಿಗಳು ತಿದ್ದಿ, ಕ್ಷಮಿಸಿ. ಇಂದು ಎಲ್ಲರಿಗೂ ಒಳ್ಳೆಯ ನಿದ್ದೆ ಬರಲಿ.

ಸ್ವಾಮಿ ಶರಣಂ.