ತೊಟ್ಟಿಯ ಅಳತೆ

ಕಪ್ಪೆ ಸಾಕಲು ಎಷ್ಟು ದೊಡ್ಡ ಗಾಜಿನ ತೊಟ್ಟಿ ಬೇಕು? ದೊಡ್ಡದಾದಷ್ಟೂ ಒಳ್ಳೆಯದು. ಕಪ್ಪೆ ನೀರು ಹೀರುವುದು ಚರ್ಮದಿಂದ. ಚಿಕ್ಕ ತೊಟ್ಟಿಯಲ್ಲಿ ಅದರ ಹೊಲಸಿನ ಅಮೋನಿಯಾ ಅದರ ಮೈಗೇ ಇಳಿಯುತ್ತದೆ.

ಆದರೆ ಇದು ಕಪ್ಪೆ ಸಾಯದಿರಲು ಬೇಕಾದ ಜಾಗದ ಲೆಕ್ಕ. ನಮ್ಮ ಭೇರ್ಯದ ಕಡೆಯ ಗದ್ದೆಗಳ ಗೋಂಕರುಗಪ್ಪೆ 16 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಅದು ಗಂಟೆಗಟ್ಟಲೆ ಕದಲದೆ ಕೂತರೆ ನಾವದನ್ನು ತೃಪ್ತಿ ಎಂದು ಓದಿಕೊಳ್ಳುತ್ತೇವೆ. (ನಮ್ಮ ಹಾಸ್ಟೆಲ್ ಕೋಣೆಗಳ ಅಳತೆ ಗೊತ್ತುಮಾಡಿದವರೂ ಹೀಗೇ ಓದಿರಬೇಕು.) ಅದು ಕೂತಿರುವುದು ಹುಳುವಿಗೆ ಹೊಂಚುಹಾಕಿ. ಬೇಸಿಗೆಯಲ್ಲಿ ಮಣ್ಣೊಳಗೆ ಹುದುಗಿದ್ದು, ಮಳೆ ಬಿದ್ದೊಡನೆ ಮೈಯೆಲ್ಲ ಹಳದಿಯಾಗಿ, ಗಂಟಲಚೀಲ ನೀಲಿಯಾಗಿ, ಹೆಣ್ಣನ್ನು ಕರೆಯುವ ಗಂಡಿಗೆ ಎಷ್ಟು ಲೀಟರ್ ಸಾಕು? ಉದ್ದ ಅಗಲ ಹೆಚ್ಚಿಸಬಹುದು. ಮುಂಗಾರನ್ನು ತೊಟ್ಟಿಗೆ ತುಂಬುವುದು ಹೇಗೆ? ಸಾಕುವುದು ಪ್ರೀತಿಯೇ ಇರಬಹುದು, ಆದರೆ ಆ ಪ್ರೀತಿಯ ಅನುಕೂಲವೆಲ್ಲ ನೋಡುವವನದು ಎಂದು ನನಗನ್ನಿಸುತ್ತದೆ.

ನೋಡುವ ಆಸೆ ಇದ್ದವರು ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಗದ್ದೆಯ ಬದುವಿಗೆ ಹೋಗಬಹುದು.