ದುಡಿಮೆಗೆ ಊರುಂಟೆ?

ಹೊಸೂರಿನ ಕಾರಖಾನೆಗಳಲ್ಲಿ ಕೆಲಸ ಯಾರಿಗೆ ಸಲ್ಲತಕ್ಕುದು ಎಂಬ ಪ್ರಶ್ನೆ ನಮ್ಮಲ್ಲಿ ಮೇಲಿಂದ ಮೇಲೆ ಏಳುತ್ತಿರುತ್ತದೆ. ‘ಊರಿನವರಿಗೆ’ ಎಂದು ಉತ್ತರ ಕೊಡುವುದು ಸುಲಭ. ಆದರೆ ಊರಿನಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬನಿಗೆ ದುಡಿಮೆಯ ಹಕ್ಕು ಬಂದುಬಿಡುವುದೆ? ವಾಚಕರೊಡನೆ ಇದನ್ನು ಕೊಂಚ ವಿಚಾರ ಮಾಡಬೇಕೆಂದಿದ್ದೇವೆ.

ರಾಗಿ ಬೆಳೆಯುವ ಈ ಸೀಮೆಗೆ 1970ರ ದಶಕದಲ್ಲಿ ಸಿಪ್‌ಕಾಟ್ ಸಂಸ್ಥೆ ಕೈಗಾರಿಕೆಗಳನ್ನು ಕರೆತಂದಿತು. ಅಶೋಕ್ ಲೇಲ್ಯಾಂಡಿನ ಲಾರಿ, ಟಿ.ವಿ.ಎಸ್. ಮೊಪೆಡ್ಡು, 1987ರಲ್ಲಿ ಟೈಟನ್ ಗಡಿಯಾರ ಇಲ್ಲಿಂದ ಹೊರಬಂದುವು. ಆಗ ಕೊಳ್ಳುವವನು ಬಹುಮಟ್ಟಿಗೆ ನಮ್ಮ ದೇಶದವನೇ. 1991ರ ತರುವಾಯ ಬಾಗಿಲು ತೆರೆಯಿತು. ಇಂದು ಟಾಟಾ ಎಲೆಕ್ಟ್ರಾನಿಕ್ಸ್ ಕಾರಖಾನೆಯಲ್ಲಿ ಐಫೋನಿನ ಹೊರಕವಚ ಸಿದ್ಧವಾಗುತ್ತದೆ. ಅಲ್ಲಿ ದುಡಿಯುವವರು ಸಾವಿರಾರು ಹೆಣ್ಣುಮಕ್ಕಳು. 2022ರಲ್ಲಿ ಜಾರ್ಖಂಡಿನ ಬುಡಕಟ್ಟಿನ ಯುವತಿಯರು ರೈಲಿನಲ್ಲಿ ನೂರಾರು ಮಂದಿ ಬಂದರು. ನಮ್ಮ ಗುಲಾಬಿಯೂ ಫೆಬ್ರವರಿಯಲ್ಲಿ ಕಡಲು ದಾಟುತ್ತದೆ. ಕೀನ್ಯಾದ ಹೂವು ಅಗ್ಗವಾದರೆ ಅದರ ಬಿಸಿ ಇಲ್ಲಿ ಹೂ ಬಿಡಿಸುವವಳಿಗೆ ತಾಗದಿರದು. ಅವಳಾದರೋ ಕೀನ್ಯಾವನ್ನು ಕಂಡವಳಲ್ಲ.

ಊರಿನವರ ವಾದದಲ್ಲಿ ಒಂದು ನಿಜವಿದೆ; ಅದನ್ನು ಅಲ್ಲಗಳೆಯುವವರು ನಾವಲ್ಲ. ಕಾರಖಾನೆ ನಿಂತ ನೆಲ ಯಾರದೋ ಹೊಲವಾಗಿತ್ತು. ಹೊಲವನ್ನು ಬಿಟ್ಟುಕೊಟ್ಟ ಮನೆಯ ಮಕ್ಕಳಿಗೆ ಕೆಲಸ ಸಿಗಬೇಕೆಂಬುದು ಸಾಲದ ಮಾತು. ಆ ಸಾಲ ತೀರಲೇಬೇಕು. ಕನ್ನಡವಾಗಲಿ, ತೆಲುಗಾಗಲಿ, ತಮಿಳಾಗಲಿ, ಆ ಮನೆಯ ಮಾತು ಯಾವುದೆಂದು ಕೇಳಬೇಕಾಗಿಲ್ಲ. ಆದರೆ ಹುಟ್ಟನ್ನೇ ಹಕ್ಕೆಂದು ಹಿಡಿದರೆ ಗಡಿಯ ಕನ್ನಡಿಗನ ಗತಿಯೇನು? ದಿನಬೆಳಗಾದರೆ ನಮ್ಮವರು ಅತ್ತಿಬೆಲೆ ದಾಟಿ ಬೊಮ್ಮಸಂದ್ರಕ್ಕೂ ಬೆಂಗಳೂರಿಗೂ ದುಡಿಯಲು ಹೋಗುತ್ತಾರೆ. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಯನ್ನು ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿಯಿತು. ಅದರಲ್ಲಿ ಸ್ಥಳೀಯನೆಂದರೆ ಕನ್ನಡ ಬಲ್ಲವನಷ್ಟೇ ಅಲ್ಲ, ಆ ರಾಜ್ಯದಲ್ಲಿ ಹುಟ್ಟಿ ಹದಿನೈದು ವರ್ಷ ನೆಲಸಿದವನು. ಹೊಸೂರಿನಲ್ಲಿ ಹುಟ್ಟಿ ಬೆಳೆದ ಕನ್ನಡಿಗ ಆ ಲೆಕ್ಕದಲ್ಲಿ ಪರಕೀಯನೇ. ಮಸೂದೆಯನ್ನು ಕಂಡು ಕೈ ಚಪ್ಪಾಳೆ ತಟ್ಟಿದ ನಮ್ಮ ಗೆಳೆಯರು ಈ ಸಾಲನ್ನು ಓದಿದ್ದರೋ ಇಲ್ಲವೋ!

ಹೊರಗಿನವನನ್ನು ಮಾಲೀಕ ಬಯಸುವುದೇಕೆ? ಅವನು ಹೆಚ್ಚು ಕುಶಲನೆಂದಲ್ಲ. ಗುತ್ತಿಗೆದಾರನ ಕೈಕೆಳಗೆ, ಮನೆಯಿಂದ ಸಾವಿರ ಮೈಲಿ ದೂರದಲ್ಲಿ, ಅವನು ಪ್ರಶ್ನೆ ಕೇಳಲಾರ. ಒಂದೇ ಯಂತ್ರದ ಮುಂದೆ ಒಬ್ಬ ಕಾಯಂ ನೌಕರ, ಮತ್ತೊಬ್ಬ ಗುತ್ತಿಗೆಯವನು. ಕೆಲಸ ಒಂದೇ, ಕೂಲಿ ಬೇರೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯೇ ಸಮಾನ ಕೆಲಸಕ್ಕೆ ಕಡಿಮೆ ಕೂಲಿ ಸಲ್ಲದೆಂದು ವಿಧಿಸಿತ್ತು. ಕಾಯಿದೆ ಪುಸ್ತಕದಲ್ಲಿತ್ತು.

‘ಕೂಲಿ ಹೆಚ್ಚಿಸಿದರೆ ಕೆಲಸವೇ ವಿಯೆಟ್ನಾಮಿಗೆ ಹೋದೀತು’ ಎನ್ನುವರು. ಈ ಭಯ ಪೂರ್ತಿ ಸುಳ್ಳಲ್ಲ. ಲೋಕದ ಸಂತೆಯಲ್ಲಿ ಒಟ್ಟು ಕೂಲಿಗೆ ಒಂದು ಮೇರೆ ಇದ್ದೀತು. ಆದರೆ ಅಕ್ಕಪಕ್ಕದಲ್ಲಿ ನಿಂತ ಇಬ್ಬರೊಳಗೆ ಭೇದ ಮಾಡೆಂದು ವಿಯೆಟ್ನಾಮು ಹೇಳಿಲ್ಲವಷ್ಟೆ. ಆ ಭೇದವನ್ನು ಮಾಡುವ ಕೈ ಇಲ್ಲೇ ಇದೆ. ಅದರ ಹೊಣೆಯನ್ನು ಜಾಗತೀಕರಣದ ಮೇಲೆ ಹೊರಿಸಿ ನುಣುಚಿಕೊಳ್ಳುವಂತಿಲ್ಲ. ಕೂಲಿ ಸಮವಾದ ದಿನ ಹೊರಗಿನವನನ್ನು ಹುಡುಕಿ ತರುವ ಲಾಭವೂ ಕುಗ್ಗುತ್ತದೆ. ಊರಿನ ಮಕ್ಕಳಿಗೆ ಬಾಗಿಲು ತಾನಾಗಿ ತೆರೆದೀತು.

ಆದಕಾರಣ ನಮ್ಮ ಸಂಘವು ಮನವಿ ಬರೆಯುವುದಾದರೆ ನೆಲ ಕಳೆದುಕೊಂಡವರ ಮಕ್ಕಳಿಗೆ ಕೆಲಸ ಕೇಳಲಿ. ಅದರ ಕೆಳಗೆಯೇ ಜಾರ್ಖಂಡಿನಿಂದ ಬಂದ ಹುಡುಗಿಗೂ ಸಮಾನ ಕೂಲಿಯನ್ನು ಕೇಳಲಿ. ಅವಳಿಗೆ ಆ ಕಾಗದವನ್ನು ಓದಿ ಹೇಳಲು ಹಿಂದಿ ಬಲ್ಲ ಒಬ್ಬರು ನಮ್ಮೊಳಗೆ ಸಿಕ್ಕಾರು.