ಕೊಳ್ಳುವವರ ತಕ್ಕಡಿ

ಮಾರುವವನ ಧರ್ಮವನ್ನು ಕುರಿತು ನಮ್ಮ ಧರ್ಮಶಾಸ್ತ್ರಗ್ರಂಥಗಳು ಧಾರಾಳವಾಗಿ ವಿಚಾರಮಾಡಿವೆ. ತೂಕ ಅಳತೆಗಳಲ್ಲಿ ವಂಚನೆ ಕೂಡದು, ಒಂದು ಪದಾರ್ಥಕ್ಕೆ ಇನ್ನೊಂದನ್ನು ಬೆರೆಸಿ ಮಾರಕೂಡದು, ದೋಷವನ್ನು ಮರೆಮಾಚಕೂಡದು ಎಂಬ ವಿಧಿನಿಷೇಧಗಳು ಸರ್ವವಿದಿತವಾದವು. ಯಾಜ್ಞವಲ್ಕ್ಯಸ್ಮೃತಿಯು ಸ್ವದೇಶದ ಸರಕಿಗೆ ಶೇಕಡಾ ೫, ಪರದೇಶದ ಸರಕಿಗೆ ಶೇಕಡಾ ೧೦ ಎಂದು ಲಾಭಕ್ಕೆ ಮಿತಿಯನ್ನೇ ಹಾಕಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಲೆಕ್ಕ. ಕೊಂಡ ಮೇಲೆ ಮನಸ್ಸು ಬದಲಾದರೆ ಹತ್ತು ದಿನಗಳ ಒಳಗೆ ಹಿಂದಿರುಗಿಸಬಹುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ. ಮೊಬೈಲಿನ ಮೂಲಕ ವ್ಯಾಪಾರಮಾಡುವ ಇಂದಿನ ಸಂಸ್ಥೆಗಳು ತಮ್ಮ ಔದಾರ್ಯವೆಂಬಂತೆ ಸಾರುವ ಸೌಲಭ್ಯವು ಅಷ್ಟೇನೂ ಹೊಸದಲ್ಲ!

ಆದರೆ ಕೊಳ್ಳುವವನ ಧರ್ಮವೇನು? ಕೇಳಿದ ಬೆಲೆಯನ್ನು ಕೊಟ್ಟಲ್ಲಿಗೆ ಅವನ ಹೊಣೆ ಮುಗಿಯಿತೆ? ಅಥವಾ ಹಣದಿಂದ ತೀರದ ಏನಾದರೂ ಅಂಗಡಿಯವನಿಗೂ ಗಿರಾಕಿಗೂ ನಡುವೆ ಉಳಿಯುತ್ತದೆಯೆ? ಮುಂಬಯಿಯ ಮಾಟುಂಗಾ ಪೇಟೆಯಲ್ಲಿ ಈಚಿನ ವರ್ಷಗಳಲ್ಲಿ ಆಗುತ್ತಿರುವ ಮಾರ್ಪಾಟುಗಳನ್ನು ನೋಡುವಾಗ ಈ ಪ್ರಶ್ನೆ ನಮ್ಮನ್ನು ಮತ್ತೆ ಮತ್ತೆ ಕಾಡಿದೆ. ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿರುವ ವಾಚಕರಿಗೆ ತಮ್ಮ ಊರಿನ ಇಂತಹುದೇ ಒಂದು ಬೀದಿ ನೆನಪಿಗೆ ಬಂದೀತು.

೧೮೯೬ರ ಪ್ಲೇಗಿನ ತರುವಾಯ ಸ್ಥಾಪಿತವಾದ ಮುಂಬಯಿ ಸುಧಾರಣಾ ಟ್ರಸ್ಟು ಯೋಜಿಸಿದ ಬಡಾವಣೆಗಳಲ್ಲಿ ಮಾಟುಂಗಾ ಒಂದು. ಗುಮಾಸ್ತಗಿರಿಗೆ, ರೈಲ್ವೆ ಕೆಲಸಕ್ಕೆ, ಬ್ಯಾಂಕುಗಳಿಗೆ ಬಂದ ದಕ್ಷಿಣದವರು ಇಲ್ಲಿ ನೆಲೆಯೂರಿದರು. ೧೯೨೬ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ೧೯೪೨ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಗಿಲು ತೆರೆಯಿತು. ಇವರ ಅಡುಗೆಮನೆ, ದೇವರಮನೆಗಳಿಗೆ ಬೇಕಾದುದನ್ನು ಒದಗಿಸಲು ಒಂದು ಪೇಟೆಯೇ ಬೆಳೆಯಿತು. ಕಾಫಿಬೀಜವನ್ನು ಹುರಿದು, ಚಿಕೋರಿ ಎಷ್ಟು ಬೇಕೆಂದು ಕೇಳಿ ಪುಡಿಮಾಡಿಕೊಡುವ ಅಂಗಡಿಗಳು, ಕಟ್ಟಿದ ಮಲ್ಲಿಗೆ ಮಾರುವವರು, ಬಾಳೆಲೆ, ಬಾಳೆದಿಂಡು, ಕರಿಬೇವು, ಬೂದುಗುಂಬಳ ಮಾರುವ ತರಕಾರಿಯವರು, ಪಂಚಾಂಗ ಮತ್ತು ಸ್ತೋತ್ರಪುಸ್ತಕಗಳ ಅಂಗಡಿಗಳು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಉಡುಪಿಯ ಕಡೆಯ ಪದಾರ್ಥಗಳು ಇನ್ನಷ್ಟು ಸಮೀಪವಾದವು. ಶ್ರೀವಾದಿರಾಜರ ಅನುಗ್ರಹವೆಂದು ಸಂಪ್ರದಾಯವು ನಂಬುವ, ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಮಟ್ಟುಗುಳ್ಳವನ್ನು ಇಲ್ಲಿ ಕೊಂಡು ಹುಳಿ ಮಾಡುವ ಭಾಗ್ಯವು ಸಾಮಾನ್ಯವೆ?

ಅಂಗಡಿಯವರು ಎಲ್ಲರೂ ನಮ್ಮವರೇ ಆಗಿದ್ದರೆಂದು ತಿಳಿಯಬಾರದು. ದಿನಸಿ ಅಂಗಡಿಗಳಲ್ಲಿ ಕಚ್ಛೀ ಮತ್ತು ಗುಜರಾತೀ ವ್ಯಾಪಾರಿಗಳು ಬಹಳ, ಹೂವಿನವರಲ್ಲಿ ತಮಿಳರು. ಆದರೂ ಅವರಿಗೆ ನಮ್ಮ ಪಂಚಾಂಗ ಗೊತ್ತಿತ್ತು. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ಈ ಮನೆಗಳವರು ಒಣಮೆಣಸಿನಕಾಯಿ ಕೊಳ್ಳುವುದಿಲ್ಲ, ಕಾಳುಮೆಣಸು ಹೆಚ್ಚು ತರಿಸಬೇಕು, ಹುಣಸೆಹಣ್ಣಿಗೆ ಬದಲು ಮಾವಿನಕಾಯಿಯ ಪುಡಿ ಕೇಳುತ್ತಾರೆ ಎಂಬುದನ್ನು ಒಬ್ಬ ಕಚ್ಛೀ ವ್ಯಾಪಾರಿಯು ನಮಗಿಂತ ಮೊದಲೇ ನೆನಪಿಟ್ಟುಕೊಂಡಿರುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಏಕಾದಶಿಯ ಸಂಜೆ ತರಕಾರಿಯವಳು ಮರುದಿನದ ಪಾರಣೆಗೆಂದು ಅಗಸೆಸೊಪ್ಪಿನ ನಾಲ್ಕು ಕಟ್ಟುಗಳನ್ನು ಒದ್ದೆ ಗೋಣಿಯ ಕೆಳಗೆ ಎತ್ತಿಟ್ಟಿರುತ್ತಿದ್ದಳು. ಅವಳಿಗೆ ಏಕಾದಶೀನಿರ್ಣಯದ ಗೊಂದಲವೂ ತಿಳಿದಿತ್ತು: “ನಿಮ್ಮದು ನಾಳೆಯೋ ನಾಡಿದ್ದೋ?” ಎಂದು ಕೇಳಿಯೇ ಸೊಪ್ಪು ತೆಗೆಯುತ್ತಿದ್ದಳು.

ಇನ್ನು ಬದಲಾವಣೆಯ ಮಾತು. ಸಹಕಾರೀ ಭಂಡಾರಗಳು ಮುಂಬಯಿಗೆ ಹಳೆಯವು. ನಾಯಗಾಂವಿನಲ್ಲಿ ಅಪನಾ ಬಜಾರ್ ಹುಟ್ಟಿದ್ದು ೧೯೪೮ರಲ್ಲಿ. ಅವುಗಳಿಂದ ಬೀದಿಯ ಅಂಗಡಿಗೆ ಕುತ್ತು ಬರಲಿಲ್ಲ. ೨೦೦೨ರಲ್ಲಿ ಪೊವಾಯಿಯಲ್ಲಿ ಡಿ-ಮಾರ್ಟಿನ ಮೊದಲ ಮಳಿಗೆ ತೆರೆಯಿತು. ಅಕ್ಕಿ, ಎಣ್ಣೆ, ಸಾಬೂನುಗಳನ್ನು ಮುದ್ರಿತ ಬೆಲೆಗಿಂತ ಕಡಿಮೆಗೆ ಕೊಳ್ಳುವ ಅಭ್ಯಾಸ ಆಮೇಲೆ ಬೇರೂರಿತು. ೨೦೨೦ರ ಅನಂತರ ಹತ್ತು ನಿಮಿಷಗಳಲ್ಲಿ ಮನೆಬಾಗಿಲಿಗೆ ಎಂಬ ಘೋಷಣೆಯೊಡನೆ ಮೊಬೈಲ್ ವ್ಯಾಪಾರ ಬಂದಿತು. ಇದರ ನಡುವೆ ನಮ್ಮ ಕುಟುಂಬಗಳೂ ಚದುರಿದವು. ಮಾಟುಂಗಾದ ಎರಡು ಕೋಣೆಗಳ ಮನೆಯನ್ನು ಬಿಟ್ಟು ಚೆಂಬೂರು, ಮುಲುಂಡ್, ಡೊಂಬಿವಲಿ, ನವಿ ಮುಂಬಯಿಗಳಿಗೆ ಹೋದವರು ಈಗ ಹಬ್ಬದ ಮುನ್ನಾದಿನ ಮಾತ್ರ ಲೋಕಲ್ ಗಾಡಿಯಿಂದಿಳಿದು ಚೀಲ ತುಂಬಿಕೊಂಡು ಮರಳುತ್ತಾರೆ.

ಇಲ್ಲಿಯೇ ನಮ್ಮ ಪ್ರಶ್ನೆಯ ಮರ್ಮವಿದೆ. ಜನರು ಹಳೆಯ ಅಂಗಡಿಯನ್ನು ಪೂರ್ತಿಯಾಗಿ ತೊರೆದಿಲ್ಲ. ತೊರೆದಿದ್ದರೆ ಅದು ಬೇರೆ ಮಾತಾಗುತ್ತಿತ್ತು. ಬೇರೆ ಎಲ್ಲಿಯೂ ಸಿಕ್ಕದ ದರ್ಭೆ, ಸಮಿತ್ತು, ಗೆಜ್ಜೆವಸ್ತ್ರ, ಗೋಪೀಚಂದನ, ಒಳ್ಳೆಯ ತೆಳು ಅವಲಕ್ಕಿ, ಅಗಸೆಸೊಪ್ಪು, ಇವಿಷ್ಟನ್ನು ಅಲ್ಲಿ ಕೊಳ್ಳುತ್ತಾರೆ. ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆಗಳನ್ನು ಮಾತ್ರ ನಾಲ್ಕು ಕಾಸು ಕಡಿಮೆಯಿರುವಲ್ಲಿಂದ ತರಿಸುತ್ತಾರೆ. ಎಂದರೆ ಕಷ್ಟದ ಸರಕು ಇವನ ಪಾಲಿಗೆ, ಸುಲಭದ ಸರಕು ಅವರ ಪಾಲಿಗೆ.

ಈ ವಿದ್ಯಮಾನ ರೈಲ್ವೆಯಲ್ಲಿ ಆಯುಷ್ಯ ಸವೆಸಿದ ನಮಗೆ ಚಿರಪರಿಚಿತ. ರೈಲ್ವೆಯು ತಂದ ಸರಕನ್ನು ಒಲ್ಲೆನೆನ್ನಲಾಗದ ಸಾರ್ವಜನಿಕ ವಾಹಕ. ಕಲ್ಲಿದ್ದಲು, ಅದಿರು, ರಸಗೊಬ್ಬರಗಳನ್ನೂ ಹೊರಬೇಕು, ಉಪ್ಪು ಮತ್ತು ಮೇವುಗಳನ್ನು ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಒಯ್ದ ಕಾಲವೂ ಉಂಟು. ಆ ನಷ್ಟವನ್ನು ಬಟ್ಟೆ, ಯಂತ್ರ, ಔಷಧಿಗಳಂತಹ ಹೆಚ್ಚು ಬಾಡಿಗೆಯ ಸರಕು ತುಂಬಿಕೊಡುತ್ತಿತ್ತು. ಲಾರಿ ಬಂದು ಈ ಎರಡನೆಯ ವರ್ಗವನ್ನು ಮಾತ್ರ ಆಯ್ದುಕೊಂಡಿತು. ೧೯೫೧ರಲ್ಲಿ ದೇಶದ ಸರಕುಸಾಗಣೆಯ ಶೇಕಡಾ ೮೫ಕ್ಕೂ ಮಿಕ್ಕ ಪಾಲನ್ನು ಹೊತ್ತಿದ್ದ ರೈಲ್ವೆಯ ಪಾಲು ಇಂದು ಶೇಕಡಾ ೩೦ರ ಆಸುಪಾಸಿಗೆ ಇಳಿದಿದೆ. ಇದಕ್ಕೆ ಬೇರೆ ಕಾರಣಗಳೂ ಇವೆ. ಇಲಾಖೆಯ ನಿಧಾನವೂ ಅವುಗಳಲ್ಲೊಂದು ಎಂಬುದನ್ನು ನಿವೃತ್ತರಾದ ಮೇಲೆ ಒಪ್ಪಲು ಅಡ್ಡಿಯಿಲ್ಲ. ಆದರೆ ಕೆನೆಯನ್ನು ತೆಗೆದುಕೊಂಡವನು ಹಾಲು ತೆಳುವಾಯಿತೆಂದು ದೂರುವುದನ್ನು ನಾವು ಕಚೇರಿಯಲ್ಲಿ ಕುಳಿತು ಎಷ್ಟೋ ವರ್ಷ ಕೇಳಿದ್ದೇವೆ.

ಅಂಗಡಿಯ ಲೆಕ್ಕವೂ ಇದೇ. ದರ್ಭೆಯ ಕಟ್ಟು ವರ್ಷಕ್ಕೆ ಮೂರು ನಾಲ್ಕು ಸಲ ಬೇಡಿಕೆಗೆ ಬರುವ ವಸ್ತು. ಅದು ಉಳಿದ ದಿನಗಳಲ್ಲಿ ಅಟ್ಟದ ಮೇಲೆ ಜಾಗವನ್ನು ತಿನ್ನುತ್ತದೆ. ದಿನವೂ ಮಾರಿಹೋಗುವ ಎಣ್ಣೆ, ಬೇಳೆಗಳ ಸಣ್ಣ ಸಣ್ಣ ಲಾಭದಿಂದ ಆ ಜಾಗದ ವೆಚ್ಚ ಹೊರಡಬೇಕು. ಇಷ್ಟು ಕಾಲ ಅದು ಹೊರಡುತ್ತಿದ್ದುದಕ್ಕೆ ಮುಂಬಯಿಯ ಪಗಡಿ ಪದ್ಧತಿಯೂ ಒಂದು ಕಾರಣವೆಂಬುದನ್ನು ಹೊರಗಿನವರು ಅರಿಯರು. ಮೊದಲಿಗೆ ದೊಡ್ಡ ಮೊತ್ತವನ್ನು ಕೊಟ್ಟು ಹಿಡಿದ ಅಂಗಡಿಗೆ ಬಾಡಿಗೆಯು ಕಾಯಿದೆಯ ರಕ್ಷಣೆಯಲ್ಲಿ ಹಳೆಯ ದರದಲ್ಲಿಯೇ ಉಳಿಯುತ್ತಿತ್ತು. ಈಗ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಹೊಸ ಕಟ್ಟಡದಲ್ಲಿ ಅಂಗಡಿಗೆ ಜಾಗ ಸಿಕ್ಕಿದರೂ ತಿಂಗಳ ನಿರ್ವಹಣಾ ಶುಲ್ಕ ಬಲವಾಗಿರುತ್ತದೆ. ಕೆಲಸ ಮುಗಿಯುವ ತನಕ ಮೂರು ನಾಲ್ಕು ವರ್ಷ ಬೇರೆಡೆ ಕಾಲ ತಳ್ಳಬೇಕು. ಅಷ್ಟರಲ್ಲಿ ಗಿರಾಕಿಗಳ ಕಾಲು ಬೇರೆ ದಾರಿ ಹಿಡಿದಿರುತ್ತದೆ. ಮಗನು ಇಂಜಿನಿಯರನಾಗಿದ್ದರಂತೂ ಆ ಜಾಗವನ್ನು ಬ್ಯಾಂಕಿನ ಹಣಯಂತ್ರಕ್ಕೋ ಮೊಬೈಲ್ ಮಾರುವವರಿಗೋ ಬಾಡಿಗೆಗೆ ಕೊಡುವುದೇ ಲೇಸೆನ್ನುತ್ತಾನೆ. ಅವನನ್ನು ದೂರಲು ನಮಗೆ ಅಧಿಕಾರವಿಲ್ಲ.

“ಬೆಲೆ ಕೊಟ್ಟೆವು, ವಸ್ತು ಪಡೆದೆವು, ಋಣ ಹರಿಯಿತು” ಎಂಬುದು ಪೂರ್ವಪಕ್ಷ. ಇದು ದುರ್ಬಲವಾದ ವಾದವೇನಲ್ಲ. ವ್ಯಾಪಾರಿಯು ಧರ್ಮಛತ್ರವನ್ನು ನಡೆಸುತ್ತಿರಲಿಲ್ಲ, ಲಾಭಕ್ಕಾಗಿಯೇ ಕುಳಿತಿದ್ದನು. ತೂಕದಲ್ಲಿ ಕೈಚಳಕ ತೋರಿಸಿದವರೂ, ಹುಳುಬಿದ್ದ ಹೆಸರುಕಾಳನ್ನು ತಳದಿಂದ ಬಗೆದುಕೊಟ್ಟವರೂ, ಎಳೆಯ ಹುಡುಗರನ್ನು ಹಳ್ಳಿಯಿಂದ ತಂದು ಹಗಲಿರುಳು ದುಡಿಸಿದವರೂ ಹಳೆಯ ಪೇಟೆಯಲ್ಲಿ ಇದ್ದರು. ಹೊಸ ಮಳಿಗೆಯಲ್ಲಿ ಬೆಲೆ ಸ್ಪಷ್ಟ, ತೂಕ ಸ್ಪಷ್ಟ. ಮೊಣಕಾಲುನೋವಿನ ವೃದ್ಧೆಯೊಬ್ಬಳು ಮೂರನೆಯ ಮಹಡಿಯಿಂದ ಇಳಿಯದೆ ಹಾಲು ತರಿಸಿಕೊಳ್ಳಬಲ್ಲಳಾದರೆ ಅದನ್ನು ಕಲಿಮಹಿಮೆಯೆಂದು ಹಳಿಯುವುದು ನಿರ್ದಯತೆ. ಸಂಬಳವನ್ನು ಎಣಿಸಿ ಸಂಸಾರ ನಡೆಸುವ ಗೃಹಸ್ಥನಿಗೆ ನೂರು ರೂಪಾಯಿ ಉಳಿತಾಯವೂ ಉಳಿತಾಯವೇ.

ಇವೆಲ್ಲವನ್ನೂ ಒಪ್ಪಿಯೂ ಏನೋ ಉಳಿಯುತ್ತದೆ. ಶತಪಥಬ್ರಾಹ್ಮಣವು ದೇವ, ಋಷಿ, ಪಿತೃಗಳ ಋಣದ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನು ಹೇಳುತ್ತದೆ. ಅದು ಅತಿಥಿಸತ್ಕಾರದಿಂದ ತೀರುವಂತಹುದು, ಹಣದ ಸಾಲವಲ್ಲ. ಅಂಗಡಿಯವನಿಂದ ಸಕ್ಕರೆಯನ್ನು ಪಡೆದೆವು, ಅದಕ್ಕೆ ಬೆಲೆ ಕೊಟ್ಟೆವು, ಸರಿ. ಆದರೆ ಅವನು ನಮ್ಮ ವ್ರತಗಳನ್ನು ನೆನಪಿಟ್ಟುಕೊಂಡುದಕ್ಕೆ ಯಾವ ರಸೀದಿಯಲ್ಲಿ ಬೆಲೆ ಬರೆದಿತ್ತು? ಸಂಬಳ ತಡವಾದ ತಿಂಗಳು ಖಾತೆಪುಸ್ತಕದಲ್ಲಿ ಬರೆದುಕೊಂಡು ಮುಖ ಗಂಟಿಕ್ಕದೆ ಚೀಲ ತುಂಬಿಕೊಟ್ಟುದಕ್ಕೆ? ೨೦೨೦ರ ಮಾರ್ಚಿನಲ್ಲಿ ಲೋಕಲ್ ಗಾಡಿಗಳು ನಿಂತು, ಮೊಬೈಲ್ ವ್ಯಾಪಾರದವರಲ್ಲಿ ಸರದಿ ಸಿಕ್ಕದೆ ಜನರು ಪರದಾಡುತ್ತಿದ್ದಾಗ, ಅರ್ಧ ಬಾಗಿಲು ತೆರೆದು ಮನೆಗೆ ಇಷ್ಟೇ ಎಂದು ಅಳೆದು ಎಲ್ಲರಿಗೂ ಹಂಚಿದ ಸಣ್ಣ ಅಂಗಡಿಗಳನ್ನು ನಾವು ಬಲ್ಲೆವು. ಅಂದು ಹೊಗಳಿದವರು ಅನೇಕರು. ಆ ಹೊಗಳಿಕೆ ಗಲ್ಲಾಪೆಟ್ಟಿಗೆಯನ್ನು ಮುಟ್ಟಿದಂತೆ ಕಾಣೆವು.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಜಾಜಲಿ-ತುಲಾಧಾರರ ಸಂವಾದವು ಇಲ್ಲಿ ಸ್ಮರಣೀಯ. ಜಡೆಯಲ್ಲಿ ಹಕ್ಕಿಗಳು ಗೂಡುಕಟ್ಟಿ ಮರಿಮಾಡುವಷ್ಟು ಕಾಲ ಅಲುಗದೆ ನಿಂತು ತಪಸ್ಸು ಮಾಡಿದ ಜಾಜಲಿಗೆ ನೀನು ವಾರಾಣಸಿಯ ತುಲಾಧಾರನಿಗೆ ಸಮನಲ್ಲವೆಂಬ ಅಶರೀರವಾಣಿಯಾಗುತ್ತದೆ. ಹೋಗಿ ನೋಡಿದರೆ ಅವನು ಅಂಗಡಿಯಲ್ಲಿ ಕುಳಿತು ಸರಕು ತೂಗುತ್ತಿದ್ದಾನೆ! ಮದ್ಯವೊಂದನ್ನು ಬಿಟ್ಟು ಬಗೆಬಗೆಯ ರಸಗಳನ್ನೂ ಗಂಧಗಳನ್ನೂ ಕಪಟವಿಲ್ಲದೆ ಮಾರುವವನು, ತನ್ನ ತಕ್ಕಡಿ ಸಕಲ ಪ್ರಾಣಿಗಳಿಗೂ ಸಮ ಎನ್ನುವವನು. ಈ ಪ್ರಸಂಗವನ್ನು ವ್ಯಾಪಾರಿಗಳಿಗೆ ಉಪದೇಶವೆಂದು ಪ್ರವಚನಗಳಲ್ಲಿ ಹೇಳುವುದುಂಟು. ಆದರೆ ಆ ಉಪದೇಶವನ್ನು ಕೇಳಿದವನು ವ್ಯಾಪಾರಿಯಲ್ಲ, ತಪಸ್ವಿ. ಅಂಗಡಿಯ ಹೊರಗೆ ನಿಂತವನ ಕೈಯಲ್ಲಿಯೂ ಒಂದು ತಕ್ಕಡಿಯಿರುತ್ತದೆ ಎಂಬುದನ್ನು ನಾವು ಹೀಗೆ ಗ್ರಹಿಸಿದ್ದೇವೆ. ಒಂದು ತಟ್ಟೆಯಲ್ಲಿ ಇವನಿಂದ ಬಯಸುವುದನ್ನೆಲ್ಲ ಇಟ್ಟು, ಇನ್ನೊಂದರಲ್ಲಿ ಇವನಿಗೆ ಸಲ್ಲುವುದನ್ನು ಇಟ್ಟರೆ ಮುಳ್ಳು ಎತ್ತ ವಾಲುತ್ತದೆ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವ-ಜೀವ ಭೇದವು ಸತ್ಯ. ಒಬ್ಬನ ಸ್ಥಾನದಲ್ಲಿ ಇನ್ನೊಬ್ಬನನ್ನು ಇಟ್ಟು ಎಲ್ಲ ಒಂದೇ ಎನ್ನಲಾಗದು. ಇದನ್ನು ಪೇಟೆಗೆ ಅನ್ವಯಿಸುವುದು ಶಾಸ್ತ್ರಾರ್ಥವಲ್ಲ, ನಮ್ಮ ಸ್ವಂತ ಸಾಹಸ, ವಿದ್ವಾಂಸರು ಮನ್ನಿಸಬೇಕು. ಆದರೆ ಮಾರುವವನು ಯಾರಾದರೇನು, ಬೆಲೆಯೊಂದೇ ಮುಖ್ಯವೆಂಬ ಹೊಸ ರೂಢಿಯು ಮನುಷ್ಯರನ್ನು ಪರಸ್ಪರ ಬದಲಾಯಿಸಬಹುದಾದ ನಾಣ್ಯಗಳಂತೆ ಕಾಣುವುದರಿಂದ ಅದು ನಮಗೆ ರುಚಿಸುವುದಿಲ್ಲ. ಬೆವರುತ್ತ ಮೆಟ್ಟಿಲೇರಿ ಚೀಲವನ್ನಿಟ್ಟು ಹೋಗುವ ಹುಡುಗನೂ ಈ ದೃಷ್ಟಿಗೆ ಹೊರತಲ್ಲ. ಅವನಿಗೆ ಒಂದು ಲೋಟ ನೀರು ಕೊಡಲು ಹತ್ತು ನಿಮಿಷ ಬೇಕಿಲ್ಲ.

ಹಾಗಾದರೆ ಎಲ್ಲವನ್ನೂ ಹಳೆಯ ಅಂಗಡಿಯಲ್ಲಿಯೇ ಕೊಳ್ಳಬೇಕೆ ಎಂದು ನಮ್ಮ ತರುಣ ಮಿತ್ರರೊಬ್ಬರು ಕೇಳಿದರು. ನಾವು ಹಾಗೆನ್ನುವುದಿಲ್ಲ. ಅನುಕಂಪದಿಂದ ನಡೆಯುವ ವ್ಯಾಪಾರ ಅಂಗಡಿಯವನಿಗೂ ಅವಮಾನ, ಬಹುಕಾಲ ಬಾಳುವಂತಹುದೂ ಅಲ್ಲ. ನಮ್ಮವನೆಂಬ ಕಾರಣಕ್ಕೆ ಕೊಳ್ಳಿರೆಂಬ ವಾದವನ್ನಂತೂ ನಾವು ಒಪ್ಪೆವು. ನಮ್ಮ ದರ್ಭೆಯನ್ನು ಕಾಪಾಡಿದವನು ಕಚ್ಛೀ ವ್ಯಾಪಾರಿ ಎಂಬುದನ್ನು ಈಗಾಗಲೇ ಹೇಳಿದೆವು. ನಮ್ಮ ಸೂಚನೆ ಇಷ್ಟೇ: ಯಾರಲ್ಲಿ ಕಷ್ಟದ ವಸ್ತುವನ್ನು ಕೇಳುತ್ತೇವೆಯೋ ಅವರಲ್ಲಿ ಸುಲಭದ ವಸ್ತುವಿನ ಒಂದು ಪಾಲನ್ನಾದರೂ ಕೊಳ್ಳುವುದು ನ್ಯಾಯ. ತಿಂಗಳ ಪಟ್ಟಿಯಲ್ಲಿ ಬೇಳೆ, ಬೆಲ್ಲ, ಕಾಫಿಪುಡಿ ಈ ಮೂರು ಅಲ್ಲಿಂದ ಬಂದರೆ ಮನೆಯ ಲೆಕ್ಕ ಏರುಪೇರಾಗದು. ದೂರದ ಉಪನಗರಗಳಲ್ಲಿರುವವರು ಹತ್ತಿರದ ಮಂಗಳೂರು ಸ್ಟೋರಿಗೆ ಇದೇ ನಿಯಮವನ್ನು ಅನ್ವಯಿಸಿಕೊಳ್ಳಬಹುದು.

ಮೇಲೆ ಹೇಳಿದ ಕಚ್ಛೀ ವ್ಯಾಪಾರಿಯು ಈಗಿಲ್ಲ. ಕಟ್ಟಡದ ಪುನರ್ನಿರ್ಮಾಣ ಮುಗಿದು, ಅವರ ಮಗನು ಮೊದಲಿನ ಅರ್ಧದಷ್ಟು ಜಾಗದಲ್ಲಿ ಅಂಗಡಿಯನ್ನು ಮತ್ತೆ ತೆರೆದಿದ್ದಾನೆ. ಅಟ್ಟ ಇಲ್ಲ. ಕಳೆದ ವಾರ ನಮ್ಮನ್ನು ಕಂಡವನು, “ಸಾಹೇಬ್, ಉಪಾಕರ್ಮಕ್ಕೆ ದರ್ಭೆ ತರಿಸಲೇ, ಬೇಡವೇ? ತರಿಸಿದರೆ ಎಷ್ಟು ಮನೆಗಳವರು ಬರುತ್ತಾರೆ?” ಎಂದು ಕೇಳಿದನು. ನಾವು ಎರಡು ದಿನ ಕಾಲಾವಕಾಶ ಪಡೆದು ಪರಿಚಿತರಿಗೆಲ್ಲ ದೂರವಾಣಿ ಮಾಡಿದೆವು. ಹದಿನಾಲ್ಕು ಮನೆಗಳವರು ಖಂಡಿತವೆಂದರು, ಆರು ಮನೆಗಳವರು ನೋಡೋಣವೆಂದರು. ಇಪ್ಪತ್ತೈದು ಕಟ್ಟುಗಳಿಗೆ ಕಡಿಮೆಯಾದರೆ ಸಾಗಣೆಯ ವೆಚ್ಚವೂ ಹುಟ್ಟದೆಂದು ಅವನ ಲೆಕ್ಕ. ಮಾಟುಂಗಾ, ದಾದರ್, ಸಯನ್ ಪರಿಸರದ ಆಸ್ತಿಕರಲ್ಲಿ ಬೇಕಾದವರು ನಮಗೆ ತಿಳಿಸುವ ಬದಲು ನೇರವಾಗಿ ಅಂಗಡಿಗೇ ಹೋಗಿ ಹೆಸರು ಬರೆಸುವುದು ಉತ್ತಮ. ಅಂಗಡಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ.